ತೂತು ಮಡಕೆಯ ಸಿನಿಮಾ

ಆ ಫಿಲ್ಮಿನ ಡಬ್ಬಿ ನಮ್ಮ ಕಚೇರಿಗೆ ಬಂದ ದಿನ ಸಾಹೇಬರು ಎಲ್ಲರಿಗೂ ಚಹಾ ತರಿಸಿದರು. ಅದಕ್ಕೆ ಮುಂಚೆ ಅವರು ತಮ್ಮ ಖುಷಿಗೆಂದು ಚಹಾ ತರಿಸಿದ್ದನ್ನು ಕಂಡವರು ಯಾರೂ ಇರಲಿಲ್ಲ. ಎಂಬತ್ತರ ದಶಕದ ಶುರುವಿನ ಮಾತು. ಮುಂಬಯಿಯಲ್ಲಿ ತಯಾರಾದ ಪೂರ್ತಿ ಬಣ್ಣದ ಕಾರ್ಟೂನ್ ಚಿತ್ರ ಅದು. ಎಳೆ ಮಕ್ಕಳಿಗೆ ಭೇದಿಯಾದಾಗ ನೀರು ನಿಲ್ಲಿಸಬಾರದು, ಸಕ್ಕರೆ ಉಪ್ಪು ಬೆರೆಸಿದ ನೀರನ್ನು ಕುಡಿಸುತ್ತಲೇ ಇರಬೇಕು ಎಂದು ಹಳ್ಳಿಯ ಹೆಂಗಸರಿಗೆ ತಿಳಿಸುವುದಕ್ಕಾಗಿ ಮಾಡಿದ್ದು. ಅದನ್ನು ವ್ಯಾನಿನಲ್ಲಿ ಹೇರಿಕೊಂಡು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಊರೂರಿಗೆ ಹೋಗಿ ತೋರಿಸಿ ಬರುವುದು ಆರೋಗ್ಯ ಶಿಕ್ಷಕಿಯಾಗಿದ್ದ ನನ್ನ ಪಾಲಿಗೆ ಬಂತು. ಬೇಸಿಗೆ ಬಲಿಯುವ ಮುಂಚೆ ಮುಗಿಸಬೇಕಿತ್ತು. ಬಾವಿಯ ತಳ ಕಾಣಿಸಿ ನೀರು ಕೆಡುವ ಕಾಲಕ್ಕೇ ಭೇದಿ ಏಳುವುದು. ನಮ್ಮ ಕಡೆ ಕೂಸುಗಳು ಕೈಬಿಟ್ಟು ಹೋಗುತ್ತಿದ್ದದ್ದೂ ಆಗಲೇ.

ಭೇದಿಯಾದ ಕೂಸಿಗೆ ಒಂದು ತೊಟ್ಟು ನೀರೂ ಕೊಡಕೂಡದು ಎನ್ನುವುದು ಹಿರಿಯರ ಗಟ್ಟಿ ನಂಬಿಕೆ. ಕೊಟ್ಟಷ್ಟೂ ಹೋಗುತ್ತದೆ, ಆದ್ದರಿಂದ ಕೊಡಬೇಡಿ ಎಂಬ ಲೆಕ್ಕ. ಬಾಯಿ ಒಣಗಿ ಕೂಸು ಅತ್ತರೂ ನೀರು ಕೊಡದಂತೆ ತಾಯಿಯ ಕೈ ಹಿಡಿದು ಕೂರುತ್ತಿದ್ದರು. ಆ ಕೈ ಬಿಡಿಸುವುದೇ ನನ್ನ ಕೆಲಸ.

ನನ್ನ ಜೊತೆಗಿದ್ದವರು ಒಬ್ಬರೇ. ವ್ಯಾನ್ ಓಡಿಸುವವರೂ ಅವರೇ, ಪ್ರೊಜೆಕ್ಟರ್ ನಡೆಸುವವರೂ ಅವರೇ. ನಾನು ಆಪರೇಟರಣ್ಣ ಎನ್ನುತ್ತಿದ್ದೆ. ಧೂಳಿನ ರಸ್ತೆಯ ಮೇಲೂ ಇಸ್ತ್ರಿ ಮಾಡಿದ ಬಿಳಿ ಪ್ಯಾಂಟನ್ನೇ ತೊಡುವ ಮನುಷ್ಯ. ಸಂಗೀತದ ಹುಚ್ಚು ವಿಪರೀತ. ಕಚೇರಿಯ ಕೋಣೆಯಲ್ಲಿ ಮೊದಲ ಸಲ ಆ ಚಿತ್ರ ಹಾಕಿದಾಗ ಅವರು ಪ್ರೊಜೆಕ್ಟರಿನ ಪಕ್ಕ ನಿಂತೇ ತಾಳ ಹಾಕಿದರು. ಹಾಕದೆ ಇರುವಂತೆಯೂ ಇರಲಿಲ್ಲ. ನೀಲಿ ನೀರಹನಿಗಳು ಸಾಲುಗಟ್ಟಿ ಬಂದು ವೃತ್ತವಾಗಿ ಕುಣಿಯುತ್ತವೆ. ಸಿತಾರಿನ ಜೊತೆಗೆ ಕಹಳೆ, ಅದರ ಹಿಂದೆ ತಬಲಾ. ಗುಂಡು ತಲೆಯ ಒಂದು ಕೂಸು ಅರಳಿ ಮಡಕೆಯಾಗುತ್ತದೆ. ಮಡಕೆಯ ತಳದಲ್ಲಿ ಒಂದು ತೂತು. ನೀರೆಲ್ಲ ಸೋರಿ, ಮಡಕೆ ಬೂದುಬಣ್ಣಕ್ಕೆ ತಿರುಗಿ ಬಿರುಕು ಬಿಡುತ್ತದೆ. ಆಗ ಉಪ್ಪು, ಸಕ್ಕರೆಯ ಹರಳುಗಳು ಬೆಳ್ಳಗೆ ಮಿನುಗುತ್ತ ಬಂದು ಕೈಕೈ ಹಿಡಿದು ಸುತ್ತುತ್ತವೆ, ತೂತು ಇದ್ದಲ್ಲಿ ಕಮಲ ಅರಳುತ್ತದೆ. ಕೊನೆಗೆ ಗಂಭೀರ ದನಿಯೊಂದು 'ದೇಹದ ದ್ರವಾಂಶದ ಸಮತೋಲನವನ್ನು ಕಾಪಾಡಿರಿ' ಎನ್ನುತ್ತದೆ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಸಾಹೇಬರು ಇನ್ನೊಮ್ಮೆ ಹಾಕಿಸಿ ನೋಡಿದರು.

ಹೆಂಗಸರು ಸಂಜೆಗೆ ಮನೆಬಿಟ್ಟು ಬರುವುದಿಲ್ಲ, ಒಲೆ ಮುಂದೆ ಇರುತ್ತಾರೆ. ಅದಕ್ಕೆ ನಮ್ಮ ಪ್ರದರ್ಶನವೆಲ್ಲ ಮಧ್ಯಾಹ್ನ ಊಟವಾದ ಮೇಲೆ, ಶಾಲೆಯ ಕೋಣೆಯಲ್ಲಿ. ಮೊದಲು ಮನೆಮನೆಗೆ ಹೋಗಿ ಕಂಬಳಿ ಎರವಲು ತರುವುದು, ಕಿಟಕಿ ಬಾಗಿಲಿಗೆ ಮೊಳೆ ಹೊಡೆದು ಅವನ್ನು ಇಳಿಬಿಡುವುದು, ಎದುರು ಗೋಡೆಗೆ ಬಿಳಿ ಪರದೆ ಕಟ್ಟುವುದು. ಕರೆಂಟು ಇದ್ದರೆ ಪುಣ್ಯ, ಇಲ್ಲದಿದ್ದರೆ ವ್ಯಾನಿನ ಜನರೇಟರಿನಿಂದ ವೈರು ಎಳೆಯುವುದು. ಕಂಬಳಿಯ ಕುರಿವಾಸನೆ, ಎಲೆ ಅಡಿಕೆಯ ವಾಸನೆ ಸೇರಿ ಆ ಕತ್ತಲ ಕೋಣೆಗಳಿಗೆ ತಮ್ಮದೇ ಒಂದು ಗಮಲು ಇರುತ್ತಿತ್ತು. ನನಗೆ ಅದು ಬಲು ಇಷ್ಟ.

ನ್ಯಾಮತಿಯ ಪಕ್ಕದ ಒಂದು ಊರಿನಲ್ಲಿ ಮೊದಲ ಆಟ. ಕೋಣೆ ತುಂಬಿ ಹೊರಗೂ ಜನ. ಹನಿಗಳು ಕುಣಿಯತೊಡಗಿದ್ದೇ ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದು ನಕ್ಕರು. ಮುಗಿದ ಮೇಲೆ ಕಂಬಳಿ ಸರಿಸಿ, "ಏನು ತಿಳೀತು, ಹೇಳ್ರಿ ನೋಡೋಣ" ಎಂದು ಕೇಳಿದೆ.

"ಬಣ್ಣ ಭಾಳ ಚಂದೈತ್ರಿ."

"ಹನಿಗಳು ಕೋಲಾಟ ಆಡ್ತಾವಲ್ರಿ, ನಮ್ಮ ಹುಡ್ಗೇರಿಗೂ ಹಂಗೆ ಬರಂಗಿಲ್ಲ."

ಮುಂದಿನ ಸಾಲಿನಲ್ಲಿ ತೊಡೆಯ ಮೇಲೆ ಕೂಸಿಟ್ಟುಕೊಂಡು ಕೂತಿದ್ದ ಎಳೆಯ ಪ್ರಾಯದ ಬಾಣಂತಿ ಮಾತ್ರ, "ಅಕ್ಕಾರೆ, ಆ ಕೂಸು ಯಾರದ್ರಿ? ಅದರವ್ವ ಎಲ್ಲಿಗೆ ಹೋಗಿದ್ಲು?" ಎಂದು ಕೇಳಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ನಾನು ಉಪ್ಪು ಸಕ್ಕರೆಯ ಅಳತೆ ಹೇಳಹೊರಟರೆ ಅರ್ಧ ಜನ ಆಗಲೇ ಎದ್ದು, ಒಣಹಾಕಿದ ಕಾಳಿಗೆ ಕೋಳಿ ಬಂದಿರುತ್ತವೆ ಎಂದು ಹೊರಟಿದ್ದರು. ಆದರೂ ಆ ದಿನ ನಾನು ಗೆದ್ದೆನೆಂದೇ ತಿಳಿದಿದ್ದೆ.

ವಾರ ಕಳೆದು ಅದೇ ದಾರಿಯಲ್ಲಿ ವಾಪಸು ಬರುವಾಗ ಊರಮುಂದಿನ ಚಹಾದಂಗಡಿಯ ಹತ್ತಿರ ಒಬ್ಬ ಹೆಂಗಸು ವ್ಯಾನಿಗೆ ಅಡ್ಡ ಕೈ ಚಾಚಿದಳು. ಅದೇ ಬಾಣಂತಿ. ಹೆಗಲ ಮೇಲೆ ಕೂಸು, ಹಿಂದೆ ಅತ್ತೆ. ಕೂಸಿನ ಕಣ್ಣುಗಳು ಗುಳಿಬಿದ್ದಿದ್ದವು. ಹೊಟ್ಟೆಯ ಚರ್ಮ ಹಿಡಿದು ಬಿಟ್ಟರೆ ಹಿಡಿದಂತೆಯೇ ನಿಂತಿತು.

"ನೀರು ಕುಡಿಸಿದ್ರಾ?" ಎಂದೆ.

ಅತ್ತೆ ಮುಂದೆ ಬಂದು, "ಇಲ್ರಿ ಯವ್ವಾ, ನಿನ್ನೆ ಮುಂಜಾನಿಂದ ಒಂದು ಹನಿ ಕೊಟ್ಟಿಲ್ಲ" ಎಂದಳು. ಅದರಲ್ಲಿ ಹೆಮ್ಮೆಯಿತ್ತು. "ನಿಮ್ಮ ಸಿನಿಮಾದಾಗೆ ನೋಡಿದ್ವಲ್ರಿ. ತೂತು ಮಡಿಕೆಗೆ ನೀರು ಹುಯ್ದ್ರೆ ನಿಲ್ತೈತಾ? ನಮ್ಮ ಹಿರೇರು ಹೇಳಿದ್ದನ್ನೇ ನೀವೂ ತೋರಿಸಿದ್ರಿ."

ಹೆದರುತ್ತ ನಿಲ್ಲಲು ಹೊತ್ತಿರಲಿಲ್ಲ. ಚಹಾದಂಗಡಿಯವನು ಕುದಿಯುತ್ತಿದ್ದ ನೀರನ್ನು ಎರಡು ಲೋಟಗಳ ನಡುವೆ ಮೇಲಿಂದ ಕೆಳಕ್ಕೆ ಹತ್ತಾರು ಸಲ ಎತ್ತಿಹೊಯ್ದು ಆರಿಸಿಕೊಟ್ಟ. ಒಂದು ಚಿಟಿಕೆ ಉಪ್ಪು, ಒಂದು ಚಮಚ ಸಕ್ಕರೆ. ಅತ್ತೆಯನ್ನು ಹಿಂದೆ ಹತ್ತಿಸಿ, ವ್ಯಾನಿನ ಮುಂದಿನ ಸೀಟಿನಲ್ಲಿ ತಾಯಿಯನ್ನು ಕೂರಿಸಿಕೊಂಡು, ನ್ಯಾಮತಿ ಆಸ್ಪತ್ರೆಯ ದಾರಿಯುದ್ದಕ್ಕೂ ಚಮಚದಲ್ಲಿ ಗುಟುಕು ಗುಟುಕಾಗಿ ಕುಡಿಸಿದೆ. ಮೊದಲ ಗುಟುಕೆಲ್ಲ ಕಟವಾಯಿಂದ ಇಳಿದುಹೋಯಿತು. ಆಮೇಲೆ ಕೂಸು ಚಮಚವನ್ನೇ ಕಚ್ಚಿ ಹಿಡಿಯತೊಡಗಿತು. ಆಸ್ಪತ್ರೆ ಮುಟ್ಟಿ, ತಾಯಿ ಇಳಿಯಲೆಂದು ಆಪರೇಟರಣ್ಣ ಕೂಸನ್ನು ಎತ್ತಿಕೊಂಡರು. ಎತ್ತಿಕೊಂಡದ್ದೇ ತಡ, ಅದು ಅವರ ಬಿಳಿ ಪ್ಯಾಂಟಿನ ಮೇಲೆ ಉಚ್ಚೆ ಹುಯ್ದಿತು.

"ಅಯ್ಯಯ್ಯೋ ಮೇಡಂ!" ಎಂದರು ಅವರು.

ನಾನು ರಸ್ತೆಯಲ್ಲೇ ಕುಣಿದುಬಿಟ್ಟೆ. ಒಣಗಿದ ಮಗು ಉಚ್ಚೆ ಹುಯ್ದಿತೆಂದರೆ ಬದುಕಿಕೊಂಡಿತು ಎಂದರ್ಥ. ಡಾಕ್ಟರು ನೋಡಿ, ದಾರಿಯಲ್ಲಿ ಕುಡಿಸುತ್ತ ಬಂದದ್ದು ಒಳ್ಳೆಯದಾಯಿತು, ಹೀಗೇ ಮುಂದುವರಿಸಿ ಎಂದರು.

ನಾವೆಲ್ಲ ಆಸ್ಪತ್ರೆಯ ಜಗುಲಿಯಲ್ಲಿ ಕೂತಾಗ ಅತ್ತೆ ಮೊಮ್ಮಗ ನೀರು ಹೀರುವುದನ್ನೇ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ ಹೇಳಿದಳು. "ನಾನು ಸಣ್ಣಾಕಿ ಇದ್ದಾಗ ನನಗೂ ವಾಂತಿಭೇದಿ ಬಂದಿತ್ರಿ. ನೀರು ಕೊಡ್ಲಿಲ್ಲ. ಎಲ್ಲಾರೂ ಮಲಗಿದಾಗ ತೆವಳಿಕೊಂಡು ಬಚ್ಚಲಿಗೆ ಹೋಗಿ ಹಂಡೇದಾಗಿನ ನೀರು ಕುಡಿದೆ. ಹೊಟ್ಟೆ ತುಂಬ ಕುಡಿದೆ. ಬೈತಾರೆ ಅಂತ ಯಾರಿಗೂ ಹೇಳ್ಲಿಲ್ಲ. ಬದುಕಿದ್ದು ದೇವರು ದೊಡ್ಡೋನು ಅಂತಂದ್ಕೊಂಡಿದ್ದೆ."

"ಈಗ ಹೇಳಿದ್ರಲ್ಲ ಅಜ್ಜೀ."

"ನಿಮಗೆ ಹೇಳಿದೆ ನೋಡ್ರಿ. ನನ್ನ ಹೆಸರು, ಊರು ಎಲ್ಲೂ ಹೇಳಬ್ಯಾಡ್ರಿ ಮತ್ತೆ." ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಆ ರಾತ್ರಿ ನನಗೆ ಅನ್ನ ಸೇರಲಿಲ್ಲ. ಚಿತ್ರ ಏನೂ ಕಲಿಸಲಿಲ್ಲ ಎಂದಿದ್ದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದೆವು ಎಂದು ಸುಮ್ಮನಾಗಬಹುದಿತ್ತು. ಇದು ಹಾಗಲ್ಲ, ಇದ್ದ ನಂಬಿಕೆಗೆ ಬಣ್ಣ ಬಳಿದು ತಬಲಾ ಬಾರಿಸಿತ್ತು. ಮುಂಬಯಿಯ ಕಲಾವಿದರಿಗೆ ತೂತು ಮಡಕೆಯೆಂದರೆ ಒಂದು ಚೆಲುವಾದ ಚಿತ್ರ. ನಮ್ಮ ಹೆಂಗಸರಿಗೆ ಅದು ದಿನಬೆಳಗಾದರೆ ಕೈಗೆ ಬರುವ ಸಾಮಾನು. ತೂತು ಬಿದ್ದ ಮಡಕೆಗೆ ಯಾರಾದರೂ ನೀರು ತುಂಬುತ್ತಾರೆಯೇ? ಮೂಲೆಗೆ ಬೋರಲು ಹಾಕುತ್ತಾರೆ.

ಮರುದಿನ ಮಡಕೆಯ ತುಣುಕನ್ನು ಕತ್ತರಿಸಿ ತೆಗೆದು ಎರಡು ತುದಿ ಅಂಟಿಸಿಬಿಡಿ ಎಂದು ಆಪರೇಟರಣ್ಣನಿಗೆ ಹೇಳಿದೆ. ಅವರು ಡಬ್ಬಿಯನ್ನು ಎದೆಗೆ ಅವುಚಿಕೊಂಡರು.

"ಕತ್ತರಿ ಹಾಕಾಕೆ ನಾನು ಬಿಡಂಗಿಲ್ರಿ. ಅಲ್ಲೇ ಐತೆ ನೋಡ್ರಿ ಆ ಕಹಳೆ ಏಳೋ ಜಾಗ. ಸಾಹೇಬ್ರಿಗೆ ಗೊತ್ತಾದ್ರೆ ನಿಮ್ಮನ್ನೂ ಬಿಡಂಗಿಲ್ಲ, ನನ್ನನ್ನೂ ಬಿಡಂಗಿಲ್ಲ."

"ಹಂಗಾದ್ರೆ ಮಡಕೆ ಬಂದಾಗ ನಿಲ್ಲಿಸ್ರಿ, ನಾನು ವಿವರಿಸ್ತೀನಿ."

"ದೀಪದ ಮುಂದೆ ಫಿಲ್ಮು ನಿಲ್ಲಿಸಿದ್ರೆ ಸುಟ್ಟು ಕರಕಲಾಗ್ತೈತ್ರಿ."

ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಹನಿಗಳ ಕುಣಿತ ಮುಗಿದು ಮಡಕೆ ಹುಟ್ಟುವ ಜಾಗಕ್ಕೆ ಸುರುಳಿಯ ಅಂಚಿನಲ್ಲಿ ಒಂದು ಕಾಗದದ ಚೂರು ಸಿಕ್ಕಿಸುವುದು. ಆ ಚೂರು ಬಂದಾಗ ಅವರು ದೀಪ ಆರಿಸಿ ಮೋಟಾರು ನಿಲ್ಲಿಸುವುದು. ಕಂಬಳಿ ಸರಿಸಿ ನಾನು ಮಾತು ಶುರುಮಾಡುವುದು. ಸಂಗೀತ ಜನರನ್ನು ಕರೆದು ಕೂರಿಸಲಿ, ಉಳಿದದ್ದು ನನಗಿರಲಿ ಎಂದುಕೊಂಡೆ.

ಉಪನ್ಯಾಸ ಕೊಟ್ಟರೆ ಯಾರೂ ಕೂರುವುದಿಲ್ಲ, ಕಥೆಯೇ ಆಗಬೇಕು ಎಂಬುದು ಅಷ್ಟರಲ್ಲಿ ತಿಳಿದಿತ್ತು. ಒಂದು ಕಥೆ ಹೊಸೆದೆ. ಜಾಣ ಸೊಸೆ, ಮೂರ್ಖ ಅತ್ತೆ. ಅತ್ತೆ ನೀರು ಬೇಡ ಎನ್ನುತ್ತಾಳೆ, ಸೊಸೆ ಕದ್ದು ಕುಡಿಸಿ ಕೂಸನ್ನು ಉಳಿಸುತ್ತಾಳೆ. ಚನ್ನಗಿರಿಯ ಹತ್ತಿರದ ಊರಿನಲ್ಲಿ ಇದನ್ನು ಭಾವ ತುಂಬಿ ಹೇಳುತ್ತಿದ್ದಾಗ ಹಿಂದಿನ ಸಾಲಿನಿಂದ ಒಬ್ಬ ಹಿರಿಯಾಕೆ ಎದ್ದು ನಿಂತಳು.

"ನಡೀರೇ ಹೋಗಾನ. ಬೈಸಿಕೊಳ್ಳಾಕೆ ಇಲ್ಲೀತನಕ ಯಾಕೆ ಬರಬೇಕು? ಮನ್ಯಾಗೆ ಸೊಸೇರು ಇಲ್ವಾ?"

ಅತ್ತೆಯರೆಲ್ಲ ಸೆರಗು ಕೊಡವಿಕೊಂಡು ಸಾಲಾಗಿ ಹೊರಟರು. ಅವರ ಹಿಂದೆ, ಬೇರೆ ದಾರಿಯಿಲ್ಲದೆ, ಸೊಸೆಯರೂ ಹೊರಟರು. ಎಂಥ ದಡ್ಡ ಕೆಲಸ! ಮನೆಯಲ್ಲಿ ನೀರಿನ ಲೋಟ ಯಾರ ಕೈಯಲ್ಲಿದೆಯೋ ಅವರನ್ನೇ ಕಥೆಯಲ್ಲಿ ಮೂರ್ಖರನ್ನಾಗಿ ಮಾಡಿಬಿಟ್ಟಿದ್ದೆ. ಖಾಲಿ ಕೋಣೆಯಲ್ಲಿ ನಾನು ಮತ್ತು ಎರವಲು ಕಂಬಳಿಗಳು ಉಳಿದೆವು. ಆಪರೇಟರಣ್ಣ ಫಿಲ್ಮು ಸುತ್ತುತ್ತ, "ಮೇಡಂ, ನಿಮ್ಮ ಕಥೆ ಯಾಕೆ? ಆಸ್ಪತ್ರಿ ಜಗುಲಿ ಮ್ಯಾಲೆ ಅಜ್ಜಿ ಹೇಳಿದ್ಲಲ್ಲ, ಅದನ್ನ ಕೇಳಿ ನನಗೇ ಮೈ ಜುಮ್ಮಂದಿತ್ತು" ಎಂದರು.

ಮುಂದಿನ ಆಟ ಕತ್ತಲಗೆರೆಯಲ್ಲಿ. ಕಾಗದದ ಚೂರು ಬಂತು, ದೀಪ ಆರಿತು, ಕಂಬಳಿ ಸರಿಯಿತು. "ಒಂದೂರಲ್ಲಿ ಒಬ್ಬ ಅಜ್ಜಿ" ಎಂದೆ.

"ಯಾವೂರ್ರಿ?" ಎಂದಿತು ಒಂದು ದನಿ.

ಮಾತು ಕೊಟ್ಟಿದ್ದೆನಲ್ಲ, ನ್ಯಾಮತಿ ಎನ್ನುವಂತಿರಲಿಲ್ಲ. "ಜಗಳೂರು ಕಡೆ" ಎಂದೆ.

"ಯಾರ ಪೈಕಿ? ಏನ್ ಮಾಡ್ತಾರೆ? ಅಜ್ಜಿ ಹೆಸರೇನು?"

ಆಗ ತಲೆಯಲ್ಲಿ ದೀಪ ಹತ್ತಿತು. ಯಾರ ಮನೆ, ಯಾವ ಊರು ಎಂದು ತಿಳಿಯದ ಕಥೆಯನ್ನು ಇಲ್ಲಿ ಯಾರೂ ಒಳಗೆ ಕರೆದುಕೊಳ್ಳುವುದಿಲ್ಲ. ಬಾಗಿಲಿಗೆ ಬಂದ ನೆಂಟರನ್ನೂ ಹೀಗೇ ವಿಚಾರಿಸುತ್ತಾರೆ. ಆ ಬಾಣಂತಿ ಮೊದಲ ದಿನವೇ ಕೇಳಿದ್ದಳು, ಕೂಸು ಯಾರದು, ಅದರವ್ವ ಎಲ್ಲಿ ಎಂದು. ಅಷ್ಟು ಬಣ್ಣದ ಚಿತ್ರದಲ್ಲಿ ಒಂದು ಮನೆಯಿರಲಿಲ್ಲ, ಒಬ್ಬ ತಾಯಿಯಿರಲಿಲ್ಲ, ಇದು ಬೇಕು ಇದು ಬೇಡ ಎನ್ನುವವರು ಒಬ್ಬರೂ ಇರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

"ಹೆಸರು ಹಾಲಜ್ಜಿ" ಎಂದೆ. "ಕುರಿ ಸಾಕಿದ ಮನೆ. ಒಬ್ಬನೇ ಮಗ, ಬಾಯಿ ಸತ್ತ ಸೊಸೆ, ತಡವಾಗಿ ಹುಟ್ಟಿದ ಮೊಮ್ಮಗ." ಪ್ರಶ್ನೆಗಳು ನಿಂತವು. ಮೊಮ್ಮಗನಿಗೆ ಭೇದಿ ಹತ್ತುತ್ತದೆ. ಹಾಲಜ್ಜಿ ಮನೆಯ ಕೊಡಗಳನ್ನೆಲ್ಲ ಮುಚ್ಚಿಸುತ್ತಾಳೆ. ಕೂಸಿನ ದನಿ ಇಳಿಯುತ್ತ ಬರುತ್ತದೆ, ಒಣಗಿದ ನಾಲಗೆಯನ್ನು ಅದು ತುಟಿಯ ಮೇಲೆ ಆಡಿಸುತ್ತದೆ. ಅದನ್ನು ನೋಡಿ ಹಾಲಜ್ಜಿಗೆ ತನ್ನ ಬಾಲ್ಯದ ಬಚ್ಚಲು, ಹಂಡೆ, ಕದ್ದು ಕುಡಿದ ನೀರು ನೆನಪಾಗುತ್ತದೆ. ಇಷ್ಟು ವರ್ಷ ಯಾರಿಗೂ ಹೇಳದ್ದು. ಈಗ ಹೇಳಬೇಕೋ, ಬೇಡವೋ? ಹೇಳಿದರೆ ತಾನು ಇಷ್ಟು ದಿನ ನಡೆಸಿಕೊಂಡು ಬಂದದ್ದೆಲ್ಲ ಸುಳ್ಳಾಗುತ್ತದೆ. ಹೇಳದಿದ್ದರೆ ಕೂಸು ಉಳಿಯುವುದಿಲ್ಲ.

ಅಲ್ಲಿ ನಾನು ನಿಲ್ಲಿಸಿ, ನಿಜವಾದ ಲೋಟ, ನಿಜವಾದ ನೀರನ್ನು ಮೇಜಿನ ಮೇಲಿಟ್ಟೆ. ಆಮೇಲೆ ಹಾಲಜ್ಜಿ ಎದ್ದು ಸೊಸೆಗೆ ಹೇಳುತ್ತಾಳೆ, "ನೀರು ಕಾಯಿಸಿ ಆರಿಸು, ಸಕ್ಕರೆ ನೀ ಹಾಕು. ಉಪ್ಪು ಮಾತ್ರ ಮುಟ್ಟಬೇಡ, ನಿನ್ನ ಕೈಗೆ ಅಳತೆ ಇನ್ನೂ ಕೂತಿಲ್ಲ."

ಅತ್ತೆಯರ ಸಾಲು ಘೊಳ್ಳೆಂದಿತು. "ಖರೇ ಐತೆ ನೋಡು!" ಎಂದು ಒಬ್ಬಾಕೆ ಪಕ್ಕದ ಸೊಸೆಯ ತೊಡೆಗೆ ಹೊಡೆದಳು. ನಾನು ಅವರನ್ನೇ ಮುಂದೆ ಕರೆದೆ. ಒಬ್ಬೊಬ್ಬ ಹಿರಿಯಾಕೆಯೂ ಬಂದು ಚಿಟಿಕೆ ಹಾಕಿ, ಕಲಸಿ, ರುಚಿ ನೋಡಿದಳು. ಕಣ್ಣೀರಿಗಿಂತ ಉಪ್ಪಾಗಬಾರದು ಎಂದು ಹೇಳಿಕೊಟ್ಟೆ. ಕಣ್ಣೀರಿನ ರುಚಿ ಅಲ್ಲಿ ಯಾರಿಗೂ ವಿವರಿಸಬೇಕಾಗಲಿಲ್ಲ. ಕೊಟ್ಟ ನೀರು ಹೊರಗೆ ಹೋಗ್ತೈತಲ್ಲ ಎಂದು ಯಾರೋ ತಕರಾರು ತೆಗೆದರೆ, ಗದ್ದೆ ನಾಟಿಗೆ ಹೋಗುವ ಹೆಂಗಸೊಬ್ಬಳು ನನಗಿಂತ ಮೊದಲೇ ಉತ್ತರ ಕೊಟ್ಟಳು. "ಬದುವಿಗೆ ಏಡಿ ತೂತು ಮಾಡಿದ್ರೆ ಗದ್ದಿಗೆ ನೀರು ನಿಲ್ಲಿಸ್ತೀಯೇನೇ? ಅತ್ತ ತೂತು ಹುಡುಕ್ತಾನೇ ಇತ್ತ ನೀರು ಬಿಡ್ತೀಯಿಲ್ಲೋ? ಇಲ್ದಿದ್ರೆ ಸಸಿ ಒಣಗ್ತೈತೆ." ಆ ಮಾತನ್ನೂ ಕಥೆಗೆ ಸೇರಿಸಿಕೊಂಡೆ.

ಬಸವಾಪಟ್ಟಣದ ಆಟಕ್ಕೆ ಸಾಹೇಬರೇ ಬರುತ್ತೇನೆ ಎಂದು ಹೇಳಿ ಕಳಿಸಿದರು. ಆಪರೇಟರಣ್ಣ ಗಾಬರಿಯಾದರು. "ಇವತ್ತೊಂದು ದಿನ ಪೂರ್ತಿ ಓಡಿಸಿಬಿಡ್ತೀನ್ರಿ, ಸುಮ್ನಿದ್ದುಬಿಡ್ರಿ." ನನಗೂ ಅಳುಕಿತ್ತು. ನನ್ನ ಕೆಲಸ ಆಗಿನ್ನೂ ಕಾಯಂ ಆಗಿರಲಿಲ್ಲ, ಸಾಹೇಬರು ಮನಸ್ಸು ಮಾಡಿದರೆ ಮರುದಿನವೇ ಮನೆಗೆ ಕಳಿಸಬಹುದಿತ್ತು. ಆದರೆ ಕೋಣೆಯಲ್ಲಿ ತೊಡೆತೊಡೆಯ ಮೇಲೂ ಕೂಸುಗಳಿದ್ದವು. ಇವರಲ್ಲಿ ಒಬ್ಬರು ಮನೆಗೆ ಹೋಗಿ ಕೊಡ ಮುಚ್ಚಿಟ್ಟರೂ ನನಗೆ ನಿದ್ದೆ ಬರುವುದಿಲ್ಲ ಎಂದು ಗೊತ್ತಿತ್ತು. ಕಾಗದದ ಚೂರು ಸಿಕ್ಕಿಸಲೇಬೇಕು ಎಂದೆ.

ಚಿತ್ರ ಅರ್ಧಕ್ಕೆ ನಿಂತಾಗ ಸಾಹೇಬರು ಕುರ್ಚಿಯಿಂದ ತಿರುಗಿ, "ಏನ್ರೀ, ರಿಪೇರಿಯಾ?" ಎಂದರು.

"ಇಲ್ಲ ಸರ್, ಒಂದು ಕಥೆ ಐತೆ" ಎಂದೆ. ಅವರ ಹುಬ್ಬು ಗಂಟುಕಟ್ಟಿತು. ನಾನು ಅತ್ತ ನೋಡುವುದನ್ನೇ ಬಿಟ್ಟು ಹಾಲಜ್ಜಿಯನ್ನು ಕರೆತಂದೆ. ಕೊಡ ಮುಚ್ಚಿಸಿದೆ, ಕೂಸನ್ನು ಒಣಗಿಸಿದೆ, ಎಳೆಯ ಹಾಲಜ್ಜಿಯನ್ನು ಬಚ್ಚಲ ಹಂಡೆಯ ಬಳಿಗೆ ತೆವಳಿಸಿದೆ. ಹೇಳಬೇಕೋ ಬೇಡವೋ ಎನ್ನುವಲ್ಲಿ ನೀರು ಕುಡಿಯಲು ಒಂದು ನಿಮಿಷ ನಿಲ್ಲಿಸಿದೆ.

"ಮುಂದೇನಾಯ್ತ್ರೀ? ಹೇಳಿದಳೋ ಇಲ್ಲವೋ?" ಎಂದು ಯಾರೋ ಜೋರಾಗಿ ಕೇಳಿದರು. ನೋಡಿದರೆ ಸಾಹೇಬರು. ಕೋಣೆಯೆಲ್ಲ ಅವರತ್ತ ತಿರುಗಿ ನಕ್ಕಿತು. ಅವರೂ ಕನ್ನಡಕ ತೆಗೆದು ಒರೆಸುತ್ತ ನಕ್ಕರು. ಹೊರಡುವಾಗ ನನ್ನ ಹತ್ತಿರ ಬಂದು, ಫಿಲ್ಮು ಚೆನ್ನಾಗಿಯೇ ಇದೆ ಕಣಮ್ಮ, ಆದರೆ ಅದರಲ್ಲಿ ಯಾರೂ ಇಲ್ಲ ಎಂದರು. ಹಾಗೇ ಮುಂದುವರಿಸಿ ಎಂದೂ ಸೇರಿಸಿದರು. ಆಪರೇಟರಣ್ಣ ಅಂದು ಎರಡು ಸಲ ಊಟ ಮಾಡಿದರು.

ಕೊನೆಯ ಸುತ್ತು ಜಗಳೂರಿನದು. ಬಿಸಿಲು ಆಗಲೇ ನೆತ್ತಿ ಸುಡುತ್ತಿತ್ತು, ಭೇದಿಯೂ ಅಲ್ಲಲ್ಲಿ ಎದ್ದಿತ್ತು. ನಾವು ತಡವಾಗಿ ಬಂದೆವೋ ಏನೋ ಎಂಬ ಅಳುಕಿನಲ್ಲೇ ಒಂದು ಊರಿನ ಶಾಲೆಗೆ ಕಂಬಳಿ ಕಟ್ಟಿಸಿದೆ. ಹನಿಗಳು ಕುಣಿದವು, ದೀಪ ಆರಿತು. ಇಲ್ಲಿ ಜಗಳೂರು ಎನ್ನುವಂತಿರಲಿಲ್ಲವಲ್ಲ, ಊರು ಬದಲಿಸಿದೆ. "ಹೊನ್ನಾಳಿ ಕಡೆ ಹಾಲಜ್ಜಿ ಅಂತ ಒಬ್ಬಾಕೆ" ಎಂದು ಶುರುಮಾಡಿದೆ.

"ಸುಳ್ಳು ಹೇಳಬ್ಯಾಡ್ರಿ ಅಕ್ಕಾರೆ" ಎಂದು ಮೂರ್ನಾಲ್ಕು ಜನ ಒಟ್ಟಿಗೆ ಕೂಗಿದರು. "ಹಾಲಜ್ಜಿ ನಮ್ಮೂರಾಕಿ. ಅಗೋ, ಅಲ್ಲೇ ಕೂತಾಳೆ ನೋಡ್ರಿ."

ಗೋಡೆಗೊರಗಿ ಕೂತಿದ್ದ ಒಬ್ಬ ಅಜ್ಜಿ, ಮಡಿಲಿನಲ್ಲಿ ಒದ್ದಾಡುತ್ತಿದ್ದ ಮೊಮ್ಮಗನನ್ನು ಸರಿಮಾಡಿಕೊಳ್ಳುತ್ತ ನಾಚಿದಳು. "ನನ್ನೆಸರು ಬ್ಯಾರೆ ಐತ್ರಿ. ಕತ್ತಲಗೆರಿಗೆ ಕೊಟ್ಟಿರೋ ಮಗಳು ಬಂದಾಗ ಈ ಕಥೆ ಹೇಳಿ ಹೋಗಿದ್ಲು. ಆಮ್ಯಾಲೆ ಇವನಿಗೆ ಭೇದಿ ಹತ್ತಿತು. ಕೊಡ ಮುಚ್ಚಾಕೆ ಹೋದೆ, ಹಾಲಜ್ಜಿ ನೆನಪಾದ್ಲು ನೋಡ್ರಿ, ಕೈಯೇ ಬರ್ಲಿಲ್ಲ. ಚಿಟಿಕಿ ಹಾಕಿ ಕುಡಿಸ್ತಾನೇ ಇದ್ದೆ. ಅವತ್ತಿಂದ ಊರೆಲ್ಲ ನನ್ನ ಹಾಲಜ್ಜಿ ಅಂತಾರೆ."

ನನ್ನ ಕಣ್ಣು ತುಂಬಿ ಬಂತು, ಮುಚ್ಚಿಡಲೂ ಹೋಗಲಿಲ್ಲ. ಮಡಿಲಿನ ಆ ಪೋರ ಅಜ್ಜಿಯ ಮೂಗುಬೊಟ್ಟಿಗೆ ಕೈ ಹಾಕಿ ಎಳೆಯುತ್ತಿದ್ದ.

"ಕಥೆ ನಮಗೆ ಗೊತ್ತೈತ್ರಿ" ಎಂದಳು ಅಜ್ಜಿ, ಅವನ ಕೈ ಬಿಡಿಸಿಕೊಳ್ಳುತ್ತ. "ಆ ಬಣ್ಣದ್ದು ಹಾಕ್ರಿ, ಇವನು ನೋಡ್ಲಿ."

ಆಪರೇಟರಣ್ಣ ನನ್ನ ಮುಖ ನೋಡಿದರು. ಹೂಂ ಎಂದೆ. ಕಾಗದದ ಚೂರು ಕಿತ್ತು, ದನಿಯ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ, ಬಹುದಿನದ ಆಸೆ ತೀರಿಸಿಕೊಳ್ಳುವವರಂತೆ ಅವರು ಚಿತ್ರ ಓಡಿಸಿದರು. ನಾನು ಅಜ್ಜಿಯ ಪಕ್ಕ ನೆಲದ ಮೇಲೆ ಕೂತೆ. ಕಹಳೆ ಎದ್ದಿತು, ಗುಂಡು ತಲೆಯ ಕೂಸು ಮಡಕೆಯಾಯಿತು, ತಳದಲ್ಲಿ ತೂತು ಬಿದ್ದು ನೀರು ಸೋರತೊಡಗಿತು. ಅಜ್ಜಿ ಮೊಮ್ಮಗನನ್ನು ಎತ್ತಿ ಹಿಡಿದು ಪರದೆಯ ಕಡೆಗೆ ಗದರಿದಳು.

"ಏ, ಅಲ್ಯಾರೂ ಇಲ್ವೇನ್ರೇ? ಸುಮ್ನೆ ನೋಡ್ತಾ ನಿಂತೀರಲ್ಲ, ನೀರು ಹುಯ್ರೇ!"

"ಹುಯ್ರೇ! ಹುಯ್ರೇ!" ಎಂದು ಇಡೀ ಕೋಣೆ ಕೂಗಿತು. ಆ ಗದ್ದಲದಲ್ಲಿ ಸಂಗೀತ ಒಂದು ಚೂರೂ ಕೇಳಿಸಲಿಲ್ಲ.